ಬಾಗ್ಲು, ಬರ್ಲಿ, ಬುಡು, ಟವಲ್ಲು

ನಮ್ಮತ್ತೆಗೆ ಟೆನಿಸ್ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮದ್ದೂರಿನಲ್ಲಿ ಚಿಕ್ಕ ಮಕ್ಕಳಿಗೆ ಟೆನಿಸ್ ಕಲಿಸುವವರು, ನನಗೆ ತಿಳಿದ ಮಟ್ಟಿಗೆ, ಅವರೊಬ್ಬರೇ!

ಬರುವುದಿಲ್ಲವೆಂದರೆ ಏನೇನೂ ಬರುವುದಿಲ್ಲವೆಂದಲ್ಲ. ಒಂದು ಹೊಡೆತ ಬರುತ್ತದೆ. ಅದರ ಹೆಸರು ಫೋರ್‌ಹ್ಯಾಂಡ್. ಬಲಗಡೆಗೆ ಬಂದ ಚೆಂಡು ನೆಲಕ್ಕೆ ಬಿದ್ದು ಒಮ್ಮೆ ಪುಟಿದ ಮೇಲೆ, ಅಂಗೈಯನ್ನು ಮುಂದಕ್ಕೆ ಮಾಡಿ ಬಾರಿಸುವ ಹೊಡೆತ. ಟೆನಿಸ್ ಕಲಿಯುವವರಿಗೆಲ್ಲ ಮೊದಲ ದಿನ ಹೇಳಿಕೊಡುವುದು ಇದನ್ನೇ. ನಮ್ಮತ್ತೆಗೂ ಮೊದಲ ದಿನ ಇದನ್ನೇ ಹೇಳಿಕೊಟ್ಟರು. ಎಡವಟ್ಟಾದದ್ದು ಎರಡನೆಯ ದಿನ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮಿಸ್ ಆಗಿದ್ದವರು. ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಚಿನ್ನದ ಸರದ ಪಕ್ಕದಲ್ಲೇ ಕಪ್ಪು ದಾರಕ್ಕೆ ಕಟ್ಟಿದ ಸೀಟಿ. ಈ ಸೀಟಿ ಮದುವೆ ಮನೆಗಳಿಗೂ ಬರುತ್ತದೆ. ನನ್ನ ದೊಡ್ಡಪ್ಪನ ಮಗಳ ಮದುವೆಯಲ್ಲಿ ಗಂಡುಹೆಣ್ಣಿನ ಜೊತೆ ಫೋಟೊ ತೆಗೆಸಿಕೊಳ್ಳಲು ನಿಂತ ನೆಂಟರು ಒಬ್ಬರ ಮುಂದೆ ಒಬ್ಬರು ನುಗ್ಗುತ್ತಿದ್ದರು. ಅತ್ತೆ ಒಮ್ಮೆ ಊದಿದರು ನೋಡಿ. ಕುಳ್ಳರು ಮುಂದೆ, ಉದ್ದದವರು ಹಿಂದೆ, ಎರಡು ಸಾಲು ತಾನಾಗಿ ಆಯಿತು. ಪುರೋಹಿತರೂ ಬಂದು ಸಾಲಿನಲ್ಲಿ ನಿಂತಿದ್ದರು. ಊಟ ಮುಗಿಸಿ ಹೊರಡುವಾಗ ಫೋಟೊದವನು ಅತ್ತೆಯ ಫೋನ್ ನಂಬರು ಕೇಳಿ ಬರೆದುಕೊಂಡ, ಮುಂದಿನ ಮದುವೆಗಳಿಗೆ ಬೇಕಾಗಬಹುದೆಂದು.

ಅವರು ಕೆಲಸದಲ್ಲಿದ್ದಾಗ ಪಿ.ಟಿ. ಶಿಕ್ಷಕರನ್ನೆಲ್ಲ ಮೈಸೂರಿಗೆ ತರಬೇತಿಗೆ ಕರೆದಿದ್ದರಂತೆ. ಟೆನಿಸ್‌ಗೆ ಎರಡು ದಿನ. ಮೊದಲ ದಿನ ಫೋರ್‌ಹ್ಯಾಂಡ್, ಎರಡನೆಯ ದಿನ ಎಡಗಡೆಯ ಚೆಂಡಿಗೆ ಬೇಕಾದ ಬ್ಯಾಕ್‌ಹ್ಯಾಂಡ್ ಮತ್ತು ಉಳಿದದ್ದೆಲ್ಲ. ಆ ಎರಡನೆಯ ದಿನವೇ ನಮ್ಮಪ್ಪನಿಗೆ ವೀಳ್ಯದ ಶಾಸ್ತ್ರ. ಒಬ್ಬನೇ ತಮ್ಮ, ಹೋಗದಿರಲಾಗುತ್ತದೆಯೇ? ಹೀಗಾಗಿ ನಾನು ಈ ಲೋಕಕ್ಕೆ ಬರಲು ಕಾರಣವಾದ ದಿನವೇ ಮದ್ದೂರು ತಾಲ್ಲೂಕಿಗೆ ಬ್ಯಾಕ್‌ಹ್ಯಾಂಡ್ ತಪ್ಪಿಸಿದ ದಿನವೂ ಹೌದು. ಅತ್ತೆ ಇದನ್ನು ನಮ್ಮಮ್ಮನಿಗೆ ಈಗಲೂ ನೆನಪಿಸುತ್ತಾರೆ.

"ನಿನ್ನ ನೋಡಕ್ ಬಂದು ನಾನು ಬ್ಯಾಕ್‌ಹ್ಯಾಂಡ್ ಕಳ್ಕಂಡೆ ಕಣಮ್ಮ."

"ಇನ್ನೇನ್ ವಾಪಸ್ ಕೊಡಕ್ಕಾದದಾ? ಬುಡಿ ಅತ್ಗೆ," ಎನ್ನುತ್ತಾರೆ ನಮ್ಮಮ್ಮ, ಸಾರಿಗೆ ಒಗ್ಗರಣೆ ಹಾಕುತ್ತ.

ಆವತ್ತಿನಿಂದ ಅತ್ತೆಗೆ ಬಾರದ್ದೆಲ್ಲಕ್ಕೂ ನಮ್ಮ ಮನೆಯಲ್ಲಿ ಒಂದೇ ಹೆಸರು: ಎರಡನೆಯ ದಿನದ ಪಾಠ. ಬ್ಯಾಕ್‌ಹ್ಯಾಂಡ್ ಮಾತ್ರವಲ್ಲ. ಫೋನಿನಲ್ಲಿ ತಪ್ಪಿ ಕಳಿಸಿದ ಮೆಸೇಜು ಅಳಿಸುವುದು, ಮೆಲ್ಲಗೆ ಮಾತಾಡುವುದು, ಅಳುತ್ತಿರುವವರಿಗೆ ಸಮಾಧಾನ ಹೇಳುವುದು, ಎಲ್ಲವೂ ಎರಡನೆಯ ದಿನದ ಪಾಠವೇ. ಅಳುವ ಮಗು ಕಂಡರೆ ಅತ್ತೆ ಅದಕ್ಕೆ ಒಂದು ಸುತ್ತು ಓಡಿ ಬರಲು ಹೇಳುತ್ತಾರೆ. ಆಶ್ಚರ್ಯವೆಂದರೆ ಓಡಿ ಬಂದ ಮಗು ಅಳುತ್ತಿರುವುದಿಲ್ಲ.

ನಿವೃತ್ತಿಯಾಗಿ ಮದ್ದೂರಿಗೆ ಬಂದ ಮೇಲೆ ಅತ್ತೆ ಸುಮ್ಮನೆ ಕೂತಾರೆಂದು ನಾವು ನಂಬಿದ್ದೆವು. ನಮ್ಮ ಹಿಂದಿನ ಬೀದಿಯಲ್ಲೇ ಮನೆ. ಬೆಳಿಗ್ಗೆ ವಾಕಿಂಗ್ ಹೋದವರು ಒಂದು ದಿನ ಅಕ್ಕಿ ಗಿರಣಿಯ ಕಣ ನೋಡಿಕೊಂಡು ಬಂದರು. ಬೇಯಿಸಿದ ಭತ್ತ ಒಣಗಿಸಲು ಮಾಡಿದ ದೊಡ್ಡ ಸಿಮೆಂಟಿನ ಕಣ. ಬಿಸಿಲೇರುವವರೆಗೆ ಖಾಲಿ. ಗಿರಣಿಯ ಸಾಹೇಬರ ಮಗಳು ಮಳವಳ್ಳಿಯಲ್ಲಿ ಅತ್ತೆಯ ಕೈಕೆಳಗೆ ಖೋಖೋ ಆಡಿದವಳು. ಸಾಹೇಬರು ಒಂದೇ ಮಾತಿಗೆ ಒಪ್ಪಿದರು. ಅತ್ತೆಯ ಎದುರು ಎರಡನೆಯ ಮಾತು ಆಡಿದವರನ್ನು ನಾನೂ ಕಂಡಿಲ್ಲ.

ನೆಟ್ ಬೇಕಲ್ಲ? ರೇಷ್ಮೆ ಸಾಕುವವರು ಹುಳದ ಮೇಲೆ ಹಾಸುವ ನೈಲಾನ್ ಬಲೆಗಳನ್ನು ತಂದು, ಒಂದಕ್ಕೊಂದು ಹೊಲಿದು, ಬೇವಿನ ಮರಕ್ಕೂ ನೀರಿನ ತೊಟ್ಟಿಯ ಕಂಬಕ್ಕೂ ಕಟ್ಟಿದರು. ಗೆರೆ ಎಳೆಯಲು ರಂಗೋಲಿ ಪುಡಿ. ಎಳೆಯಲು ನಾನು. ಎಂ.ಎಸ್ಸಿ.ಯಲ್ಲಿ ಗಣಿತ ಓದಿ, ಮಂಡ್ಯದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವವಳು ಬೆಳಗಾಗೆದ್ದು ಅಕ್ಕಿ ಗಿರಣಿಯಲ್ಲಿ ಬಗ್ಗಿ ರಂಗೋಲಿ ಎಳೆಯುತ್ತಿದ್ದರೆ ದಾರಿಹೋಕರು ನೋಡದೆ ಇರುತ್ತಾರೆಯೇ? ನನಗೆ ಜನ ನೋಡಿದರೆ ಆಗುವುದಿಲ್ಲ. ಆದರೂ ಹಗ್ಗ ಹಿಡಿದು ಅಳೆದು, ನಾಲ್ಕೂ ಮೂಲೆಗೆ ಸರಿಯಾದ ಲಂಬಕೋನ ಬಂದಿದೆಯೆಂದು ಅತ್ತೆಗೆ ವರದಿ ಒಪ್ಪಿಸಿದೆ. "ಕೋನ ಇರ್ಲಿ ಮಗ, ಗೆರೆ ಎದ್ದು ಕಾಣುಸ್ತದಾ?" ಎಂದರು.

ಇನ್ನು ಪಾಠ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಮುಂದೆ ಆದದ್ದಕ್ಕೆಲ್ಲ ಈ ಪಾಠದ ಒಂದು ಪದವೇ ಕಾರಣ.

ಫೋರ್‌ಹ್ಯಾಂಡ್ ಹೊಡೆಯುವ ಮಗು ನಾಲ್ಕು ಕೆಲಸ ಮಾಡಬೇಕು. ಬ್ಯಾಟನ್ನು ಹಿಂದಕ್ಕೆ ಒಯ್ಯಬೇಕು. ಚೆಂಡು ಪುಟಿದು ಹತ್ತಿರ ಬರುವತನಕ ಕಾಯಬೇಕು. ಬಾರಿಸಬೇಕು. ಬಾರಿಸಿದ ಮೇಲೆ ಬ್ಯಾಟು ಎಡ ಹೆಗಲ ಮೇಲಕ್ಕೆ ಹೋಗಿ ನಿಲ್ಲಬೇಕು. ಮೈಸೂರಿನಲ್ಲಿ ಇವಕ್ಕೆಲ್ಲ ಇಂಗ್ಲಿಷ್ ಹೆಸರು ಹೇಳಿದ್ದರಂತೆ. ಅತ್ತೆ ಅದನ್ನೆಲ್ಲ ಮದ್ದೂರಿನ ಮಾತಿಗೆ ತಂದರು. ಬ್ಯಾಟು ಹಿಂದಕ್ಕೆ ಹೋಗುವುದು 'ಬಾಗ್ಲು', ಬಾಗಿಲು ತೆಗೆದ ಹಾಗೆ. ಕಾಯುವುದು 'ಬರ್ಲಿ'. ಕೊನೆಯದು 'ಟವಲ್ಲು', ಹೆಗಲ ಮೇಲೆ ಟವಲ್ಲು ಹಾಕಿಕೊಂಡ ಹಾಗೆ. ಮಂಡ್ಯ ಜಿಲ್ಲೆಯಲ್ಲಿ ಟವಲ್ಲು ಹೆಗಲಿಗೆ ಎಸೆದುಕೊಳ್ಳುವುದನ್ನು ಯಾವ ಮಗುವಿಗೂ ಹೇಳಿಕೊಡಬೇಕಾಗಿಲ್ಲ, ರಕ್ತದಲ್ಲೇ ಬಂದಿರುತ್ತದೆ. ಬ್ಯಾಟನ್ನು ಎರಡು ಕೈಯಲ್ಲಿ ಹಿಡಿದವನಿಗೆ, "ಮುದ್ದೆ ತೊಳಸ್ತಿದ್ದೀಯೇನ್ಲಾ? ಒಂದ್ ಕೈ ತಗಿ," ಎನ್ನುತ್ತಾರೆ. ಅಲ್ಲಿಗೆ ಹಿಡಿತದ ಪಾಠವೂ ಮುಗಿಯಿತು.

ಕಷ್ಟವಾದದ್ದು ಮೂರನೆಯ ಪದ. ಮೊದಲು ಅತ್ತೆ 'ಹೊಡಿ' ಎಂದೇ ಹೇಳಿದರು. ಆದರೆ ನಮ್ಮ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. 'ಬಾಗ್ಲು, ಬರ್ಲಿ, ಒಡಿ!' ಎಂದು ಕೂಗಿದರು. ಮೊದಲ ವಾರದ ಮಕ್ಕಳು ಬಹಳ ವಿಧೇಯರು. ಸಾಹೇಬರ ಆಫೀಸಿನ ಕಿಟಕಿಯ ಗಾಜು ಒಡೆದರು.

"ನೀವೇ ಒಡಿ ಅಂದ್ರಲ್ಲ ಮಿಸ್," ಎಂದನಂತೆ ಒಡೆದವನು. ತಪ್ಪೇನಿದೆ?

ಆವತ್ತು 'ಒಡಿ' ಹೋಗಿ 'ಬುಡು' ಬಂತು. ನಮ್ಮಲ್ಲಿ ಯಾರಿಗಾದರೂ ಬಾರಿಸಬೇಕಾದರೆ 'ಬುಡ್ಲಾ ಒಂದು' ಎನ್ನುತ್ತೇವಲ್ಲ, ಆ ಬುಡು. ಬಾಗ್ಲು, ಬರ್ಲಿ, ಬುಡು, ಟವಲ್ಲು. ಹೇಳಿ ನೋಡಿ, ಕೈ ತಾನಾಗಿ ಆಡುತ್ತದೆ.

ಆದರೆ 'ಬುಡು' ಎಂಬುದು ಮಂಡ್ಯದಲ್ಲಿ ಒಂದೇ ಕೆಲಸ ಮಾಡುವ ಪದವೇ? ಬಾರಿಸು ಅನ್ನಲೂ ಬುಡು, ಮುಟ್ಟಬೇಡ ಅನ್ನಲೂ ಬುಡು. ದಾರಿ ಬುಡು, ಕೈ ಬುಡು, ಹೋಗ್ಲಿ ಬುಡು. ಒಂದು ಬೆಳಿಗ್ಗೆ ಮಕ್ಕಳೆಲ್ಲ ಬ್ಯಾಟು ಹಿಂದೆ ಮಾಡಿಕೊಂಡು ಸಾಲಾಗಿ ನಿಂತು 'ಬರ್ಲಿ'ಯಲ್ಲಿದ್ದರು. ಅಷ್ಟರಲ್ಲಿ ಗಿರಣಿಯೊಳಗಿನಿಂದ ಆಳೊಬ್ಬ, ತೊಟ್ಟಿಯ ಬಳಿ ಇದ್ದವನಿಗೆ, "ನೀರ್ ಬುಡ್ಲಾ," ಎಂದು ಕೂಗಿದ. ಚೆಂಡೇ ಇಲ್ಲ, ಸಾಲಿಗೆ ಸಾಲೇ ಬೀಸಿತು! ಒಬ್ಬನ ಬ್ಯಾಟು ಪಕ್ಕದವನ ಟೋಪಿಯನ್ನು ನೆಟ್ಟಿನಾಚೆ ದಾಟಿಸಿತು. ಆಮೇಲೆ ಎಲ್ಲರೂ ಶಿಸ್ತಾಗಿ ಹೆಗಲಿಗೆ ಟವಲ್ಲು ಹಾಕಿಕೊಂಡರು.

ಅತ್ತೆ ಅಂದೇ ಕಾನೂನು ಮಾಡಿದರು. ಬೆಳಿಗ್ಗೆ ಕಣದಲ್ಲಿ ಬುಡು ಎಂದರೆ ಬಾರಿಸು, ಅಷ್ಟೇ. ಗೆರೆಯಾಚೆ ಹೋಗುವ ಚೆಂಡನ್ನು ಮುಟ್ಟಬೇಡ ಅನ್ನುವುದಕ್ಕೆ 'ಸುಮ್ಕಿರು' ಅನ್ನಬೇಕು. ಬೇರೆ ಯಾವ ಅರ್ಥದಲ್ಲೂ ಯಾರೂ ಬುಡು ಎನ್ನಕೂಡದು, ಗಿರಣಿಯವರೂ ಸೇರಿ. ಸಾಹೇಬರು ತಲೆ ಕೆರೆದುಕೊಂಡರು. "ನಮ್ಮಪ್ಪನ ಕಾಲದಿಂದ ಇವರಿಗೆ ನೀರು ಬುಡು ಅಂದೇ ಅಭ್ಯಾಸ ಮೇಡಂ. ಈಗ ಏನಂತ ಹೇಳೋದು?" ಹರಿಸು ಅನ್ನಿ ಎಂದರು ಅತ್ತೆ. ಸಾಹೇಬರು ಒಳಗೆ ಹೋಗಿ ಹಾಗೆಯೇ ಹೇಳಿಸಿದರು. ಹಕಾರ ದಾರಿಯಲ್ಲೇ ಬಿದ್ದುಹೋಗಿ 'ಅರ್ಸು' ಮಾತ್ರ ತೊಟ್ಟಿ ಮುಟ್ಟಿತು. "ಯಾವ ಅರ್ಸು ಸಾ?" ಎಂದು ಅವನು ಮೈಸೂರಿನ ದಿಕ್ಕಿಗೆ ತಿರುಗಿದನಂತೆ. ಕೊನೆಗೆ ಬೆಳಗಿನ ಪಾಠ ಮುಗಿಯುವತನಕ ನೀರೇ ಬಿಡಬಾರದೆಂದು ತೀರ್ಮಾನವಾಯಿತು.

ನಗುವವರು ನಗಲಿ. ಆ ನಾಲ್ಕು ಪದದಲ್ಲಿ ಮಕ್ಕಳು ಕಲಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ತರಗತಿಯಲ್ಲಿ ಒಂದು ಪ್ರಮೇಯ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿಗೆ ಎಷ್ಟು ತಲುಪಿತೆಂಬುದು ನನಗೆ ಗೊತ್ತಿರುವುದಿಲ್ಲ. ಅತ್ತೆಯ ಸಾಲಿನಲ್ಲಿ ಹಿಂದಿನ ಬೆಂಚೇ ಇಲ್ಲ. ಎಲ್ಲರಿಗೂ ಮೈ ಅಡ್ಡವಾಗುತ್ತದೆ, ಬಾಗಿಲು ತೆರೆಯುತ್ತದೆ, ಚೆಂಡು ಬ್ಯಾಟಿನ ನಡುವಿಗೆ ತಾಗಿ ಬಲೆ ದಾಟುತ್ತದೆ.

ಹಾಗೆ ದಾಟಿಸದವಳು ಒಬ್ಬಳೇ. ಧನ್ಯ.

ಮೂರನೆಯ ಕ್ಲಾಸಿನ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆಯೇ ಗಾರ್ಮೆಂಟ್ಸಿನ ಬಸ್ಸು ಹತ್ತುವುದರಿಂದ ಅವಳನ್ನು ಶಿವಪುರದ ಕಡೆಯಿಂದ ಮೊಪೆಡ್ಡಿನಲ್ಲಿ ಕರೆತರುತ್ತಿದ್ದವರು ತಾತ. ಬಂಡೂರು ಕುರಿ ಸಾಕಿದ್ದರು. ಪ್ರಪಂಚದ ಎಲ್ಲವನ್ನೂ ಕುರಿಗೆ ಹೋಲಿಸಿಯೇ ಮಾತಾಡುವವರು. ಮೊದಲ ದಿನ ಮೊಮ್ಮಗಳನ್ನು ಅತ್ತೆಯ ಮುಂದೆ ನಿಲ್ಲಿಸಿ, "ಬಾಯಿಲ್ದೋಳಲ್ಲ ಮೇಡಮ್ಮೋರೆ. ಮಾತ್ ಬತ್ತದೆ, ಆಡಾಕಿಲ್ಲ. ನಮ್ ಕುರಿ ಆದ್ರೂ ಕರುದ್ರೆ ಮ್ಯಾ ಅಂತದೆ, ಇವ್ಳು ಅದೂ ಇಲ್ಲ. ನಾಕ್ ಮಕ್ಳ ಜೊತೇಲಿ ಸರಿ ಆದಾಳೇನೋ ಅಂತ ಕರ್ಕಬಂದಿವ್ನಿ," ಎಂದರು.

ಕಡಿಮೆ ಮಾತಾಡುವವರನ್ನು ಕಂಡರೆ ನನಗೆ ಗೌರವ. ನಾನೂ ಆ ಪೈಕಿಯವಳೇ. ಆದರೆ ಅವಳ ಮೌನದ ಮುಂದೆ ನಾನು ವಾಚಾಳಿ. ಹೆಸರು ಕೂಗಿದರೆ ಕೈ ಎತ್ತುತ್ತಿದ್ದಳು. ನೀರು ಬೇಕಾದರೆ ಬಾಟಲಿ ತೋರಿಸುತ್ತಿದ್ದಳು. ಬಾಗ್ಲು ಅಂದರೆ ಅವಳಷ್ಟು ಚೆಂದ ಯಾರೂ ತೆರೆಯುತ್ತಿರಲಿಲ್ಲ. ಬರ್ಲಿ ಅಂದರೆ ಅವಳಷ್ಟು ಚೆನ್ನಾಗಿ ಯಾರೂ ಕಾಯುತ್ತಿರಲಿಲ್ಲ. ಚೆಂಡು ಬಂದು, ಪುಟಿದು, ಪಕ್ಕದಲ್ಲೇ ಹಾದು, ಬೇವಿನ ಬುಡ ಸೇರಿದರೂ ಕಾಯುತ್ತಲೇ ಇದ್ದಳು! ಅತ್ತೆ ಅವಳ ಪಕ್ಕದಲ್ಲೇ ನಿಂತು, ಗಂಟಲು ಹರಿಯುವ ಹಾಗೆ 'ಬುಡು' ಅಂದರೆ ಮಾತ್ರ ಬೀಸುತ್ತಿದ್ದಳು. ಆಗ ಬೀಸಿದ್ದು ಎಂಥ ಹೊಡೆತ ಅಂತೀರಿ? ಚೆಂಡು ತರಲು ಅತ್ತೆಯೇ ಗಿರಣಿಯ ಗೇಟಿನತನಕ ನಡೆಯಬೇಕಾಗುವಂಥದ್ದು.

ಒಂದು ದಿನ ಅತ್ತೆಯ ಗಂಟಲು ಕಟ್ಟಿತು. ಪದದ ಬದಲು ಸೀಟಿ ಊದಿದರು. ಉಳಿದವರೆಲ್ಲ ಬೀಸಿದರು, ಧನ್ಯ ಅಲುಗಲಿಲ್ಲ. ಚೆಂಡು ಎಸೆಯುತ್ತಿದ್ದವಳು ನಾನೇ. ಅವಳ ಕಣ್ಣು ಚೆಂಡಿನ ಮೇಲೆ ಇರಲಿಲ್ಲ, ಅತ್ತೆಯ ಬಾಯಿಯ ಮೇಲಿತ್ತು.

ಇದಾದ ಸ್ವಲ್ಪ ದಿನಕ್ಕೆ ಮಂಡ್ಯದ ಕ್ಲಬ್ಬೊಂದರಲ್ಲಿ ಸಣ್ಣ ಮಕ್ಕಳ ಪಂದ್ಯ ಇದೆಯೆಂದು ತಿಳಿಯಿತು. ಅತ್ತೆ ಎಲ್ಲರ ಹೆಸರನ್ನೂ ಕೊಟ್ಟರು. ಅಂದೇ ತಾತ ಮೊಪೆಡ್ಡಿನಿಂದ ಇಳಿಯದೆ ಹೇಳಿದರು. ಮಗ ಸೊಸೆ ಇಬ್ಬರೂ ಮಗುವನ್ನು ಇದೇ ಹೊತ್ತಿನ ಇಂಗ್ಲಿಷ್ ಟೂಷನ್‌ಗೆ ಸೇರಿಸಬೇಕು ಅನ್ನುತ್ತಿದ್ದಾರಂತೆ. ಇಲ್ಲಿಗೆ ಬಂದೂ ಮಾತಾಡಲಿಲ್ಲ, ಅಲ್ಲಿಯಾದರೂ ಬಾಯಿ ಬಿಡಿಸುತ್ತಾರಲ್ಲ ಎಂದು. "ಮಂಡ್ಯದಾಗೆ ಒಂದ್ ಆಟ ಗೆದ್ಲು ಅನ್ನಿ, ಇಲ್ಲೇ ಇರ್ಲಿ ಅಂತ ನಾನೇ ಅವರ್ಗೆ ಯೋಳ್ತೀನಿ. ಇಲ್ದಿದ್ರೆ ಟೂಷನ್ನು." ಮಗು ಅಲ್ಲೇ ನಿಂತಿತ್ತು. ಬ್ಯಾಟಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಅತ್ತೆ ಮುದ್ದೆಯ ಮಾತು ಎತ್ತಲಿಲ್ಲ.

ಅಲ್ಲಿಂದ ಮುಂದಿನ ದಿನಗಳಲ್ಲಿ ನಮ್ಮತ್ತೆ ಮಾಡಿದ್ದನ್ನು ನೋಡಬೇಕಿತ್ತು. ನಾನು ಫೋನಿನಲ್ಲಿ ನಿಯಮಗಳನ್ನು ಓದಿ ಹೇಳಿದೆ. ಆಟ ಶುರು ಮಾಡುವ ಸರ್ವ್ ಎಂಬುದು ಅತ್ತೆಗೆ ಎರಡನೆಯ ದಿನದ ಪಾಠ. ತಲೆಯ ಮೇಲಿಂದಲೇ ಹೊಡೆಯಬೇಕೆಂದಿಲ್ಲ, ಕೆಳಗಿನಿಂದಲೂ ಹೊಡೆಯಬಹುದು, ಆದರೆ ಕೈಬಿಟ್ಟ ಚೆಂಡು ನೆಲ ಮುಟ್ಟುವ ಮೊದಲೇ ತಾಗಿಸಬೇಕು ಎಂದೆ. "ಬೀಳಕ್ ಮುಂಚೇನೇ ಬುಡು, ಅಷ್ಟೇ ತಾನೆ?" ಎಂದು ಅದನ್ನೂ ಫೋರ್‌ಹ್ಯಾಂಡಿಗೇ ಸೇರಿಸಿಕೊಂಡರು. ಚೆಂಡು ಎಡಗಡೆ ಬಂದರೆ? ಓಡಿ ಸುತ್ತಿ ಬಂದು ಅದನ್ನು ಬಲಗಡೆ ಮಾಡಿಕೊಳ್ಳುವುದು! ಎಲ್ಲಕ್ಕಿಂತ ಕಷ್ಟದ ನಿಯಮ ಕೊನೆಯಲ್ಲಿತ್ತು. ಆಟ ನಡೆಯುವಾಗ ಹೊರಗಿನವರು ಆಡುವವರ ಜೊತೆ ಮಾತಾಡಕೂಡದು.

ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಆಮೇಲೆ ಧನ್ಯಳನ್ನು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿ, ತಾವು ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, ನಾನು ಎಂದೂ ಕೇಳಿರದಷ್ಟು ಮೆಲ್ಲನೆಯ ದನಿಯಲ್ಲಿ ಹೇಳಿದರು: "ಅಲ್ಲಿ ನನ್ ಬಾಯಿ ಮುಚ್ಚುಸ್ತಾರಂತೆ ಕಣವ್ವ. ನಿನ್ಗೆ ನೀನೇ ಯೋಳ್ಕಬೇಕು. ಒಳ್ಗೊಳ್ಗೇ. ಯಾರ್ಗೂ ಕೇಳುಸ್ಬೇಕಾಗಿಲ್ಲ."

ಯಾರಿಗೂ ಕೇಳಿಸಬೇಕಾಗಿಲ್ಲ ಎಂಬುದು ಅವಳಿಗೆ ಹಿಡಿಸಿರಬೇಕು. ಮರುದಿನದಿಂದ ಚೆಂಡು ಪುಟಿದಾಗ ಅವಳ ತುಟಿ ಸಣ್ಣಗೆ ಕೂಡಿ ತೆರೆಯುವುದು ಕಾಣುತ್ತಿತ್ತು. ಬು. ಡು. ಚೆಂಡು ಬಲೆ ದಾಟುತ್ತಿತ್ತು. ಹೆಗಲ ಮೇಲೆ ಟವಲ್ಲು ಬೀಳುತ್ತಿತ್ತು.

ಪಂದ್ಯದ ದಿನ ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಬೋಗಿಯಲ್ಲಿ ಕೂತಿದ್ದ ಅಪರಿಚಿತರನ್ನೆಲ್ಲ ಅತ್ತೆ ಎತ್ತರದ ಪ್ರಕಾರ ಸರಿಸಿ ಕೂರಿಸಿದರು. ಯಾರೂ ಯಾಕೆಂದು ಕೇಳಲಿಲ್ಲ. ಮಂಡ್ಯದ ಅಂಗಳದಲ್ಲಿ ನಿಜವಾದ ನೆಟ್ ಕಂಡು ನಮ್ಮ ಹುಡುಗರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. ಅಂಪೈರ್ ಆಗಿದ್ದವನು ಒಬ್ಬ ಕಾಲೇಜು ಹುಡುಗ. ಏಳು ಅಂಕದ ಆಟ, ಮೊದಲು ಏಳು ಮುಟ್ಟಿದವರು ಗೆದ್ದಂತೆ, ಹೊರಗಿನವರು ಬಾಯಿ ಬಿಡಬಾರದು ಎಂದ. ಅತ್ತೆ ಕತ್ತಿನಿಂದ ಸೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುವತನಕ ನೋಡಿದರು. ಆಮೇಲೆ ಸೆರಗನ್ನು ಮಡಿಸಿ ಬಾಯಿಗೆ ಒತ್ತಿಕೊಂಡರು.

ನಮ್ಮವರು ಒಬ್ಬೊಬ್ಬರಾಗಿ ಸೋತರು. ಕೊನೆಗೆ ಧನ್ಯ. ಎದುರಾಳಿ ಮಂಡ್ಯದ ಹುಡುಗಿ, ಟೋಪಿಗೆ ಒಪ್ಪುವ ಶೂ, ಶೂಗೆ ಒಪ್ಪುವ ಬ್ಯಾಗು. ಅವಳಿಗೆ ಎರಡನೆಯ ದಿನದ್ದಷ್ಟೇ ಅಲ್ಲ, ಮೂರು ನಾಲ್ಕನೆಯ ದಿನದ ಪಾಠಗಳೂ ಬರುತ್ತಿದ್ದವು. ನಮ್ಮವಳು ಕೆಳಗಿನಿಂದ ಸರ್ವ್ ಮಾಡಿದಾಗ ಅವಳ ಕೋಚು ಎದ್ದು ನಿಂತು ಆಕ್ಷೇಪಿಸಿದರು. ಅಂಪೈರ್ ಫೋನು ತೆಗೆದು ಓದಿ, ಸರಿಯಿದೆ ಎಂದ. ಎಡಕ್ಕೆ ಬಂದ ಚೆಂಡಿಗೆ ನಮ್ಮವಳು ದೇವರಿಗೆ ಸುತ್ತು ಹಾಕುವ ಹಾಗೆ ಸುತ್ತಿ ಬಂದಳು. ಜನ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತ್ತು. ಪ್ರತಿ ಸಲವೂ ಆ ತುಟಿ ಅಲುಗುತ್ತಿತ್ತು, ಪ್ರತಿ ಸಲವೂ ಆ ಒಂದೇ ಹೊಡೆತ. ಐದು, ಐದು. ಆರು, ಆರು. ಅಂಗಳದಾಚೆ ತಾತ ಟವಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಂಡುತ್ತಿದ್ದರು. ಇನ್ನೊಂದೇ ಅಂಕ.

ಮಂಡ್ಯದ ಹುಡುಗಿ ಗಾಬರಿಯಲ್ಲಿ ಚೆಂಡನ್ನು ಬಲವಾಗಿ ಎತ್ತಿ ಹೊಡೆದಳು. ಅದು ಮೇಲೆ ಹೋಯಿತು. ಗೆರೆ ದಾಟಿ ಹೊರಗೆ ಬೀಳುತ್ತದೆಂಬುದು ಯಾರಿಗಾದರೂ ಗೊತ್ತಾಗುವಂತಿತ್ತು. ಧನ್ಯಳಿಗೂ ಗೊತ್ತಾಗಿತ್ತು. ಬಾಗಿಲು ತೆರೆದುಕೊಂಡು ಗೆರೆಯ ಹಿಂದೆ ನಿಂತಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು. ಸುಮ್ಮನಿದ್ದರೆ ಸಾಕು, ಗೆದ್ದಳು.

ಸೆರಗು ಜಾರಿತು. "ಬುಡವ್ವಾ, ಬುಡು!"

ಕಾನೂನು ಮಾಡಿದವರು ನಮ್ಮತ್ತೆಯೇ. ಆದರೆ ಆ ಗಳಿಗೆಯಲ್ಲಿ ಕೂಗಿದ್ದು ಪಿ.ಟಿ. ಮಿಸ್ ಅಲ್ಲ, ಮಂಡ್ಯ ಜಿಲ್ಲೆಯ ಹೆಂಗಸು. ಮಗು ಒಲೆಯ ಹತ್ತಿರ ಕೈ ಚಾಚಿದರೆ ಇಲ್ಲಿಯ ಯಾವ ತಾಯಿಯಾದರೂ ಏನು ಕೂಗುತ್ತಾಳೆ? ಬುಡು, ಮುಟ್ಟಬೇಡ!

ಧನ್ಯಳಿಗೆ ಆ ಪದಕ್ಕೆ, ಆ ದನಿಯಲ್ಲಿ, ಇದ್ದದ್ದು ಒಂದೇ ಅರ್ಥ. ಚೆಂಡು ನೆಲ ಮುಟ್ಟುವ ಮುಂಚೆಯೇ ಬೀಸಿದಳು. ಅವಳು ಅದುವರೆಗೆ ಹೊಡೆದದ್ದರಲ್ಲೆಲ್ಲ ಚೆಂದದ ಹೊಡೆತ ಅದು. ಬ್ಯಾಟು ಹೆಗಲ ಮೇಲೆ ಹೋಗಿ ನಿಂತಿತು. ಚೆಂಡು ನೆಟ್ ದಾಟಿ, ಎದುರಾಳಿಯನ್ನು ದಾಟಿ, ಅತ್ತಲಿನ ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಏಳನೆಯ ಅಂಕ ಮಂಡ್ಯದವಳಿಗೆ ಹೋಯಿತು.

ಅಂಪೈರ್ ಅತ್ತೆಯ ಕಡೆ ತಿರುಗಿ ನೋಡಿದ. ಶಿಕ್ಷೆ ಕೊಡೋಣವೆಂದರೆ ಕಿತ್ತುಕೊಳ್ಳಲು ನಮ್ಮ ಬಳಿ ಏನೂ ಉಳಿದಿರಲಿಲ್ಲ.

ವಾಪಸ್ಸು ಬರುವಾಗ ರೈಲಿನಲ್ಲಿ ಅತ್ತೆ ಯಾರನ್ನೂ ಸರಿಸಿ ಕೂರಿಸಲಿಲ್ಲ. ಹನಕೆರೆಯಲ್ಲಿ ರೈಲು ಕಾರಣವಿಲ್ಲದೆ ಬಹಳ ಹೊತ್ತು ನಿಂತಿತು. ಬೇರೆ ದಿನವಾಗಿದ್ದರೆ ಅವರು ಇಳಿದು ಡ್ರೈವರನ್ನು ವಿಚಾರಿಸಿಕೊಂಡು ಬರುತ್ತಿದ್ದರು. ಕಿಟಕಿಯ ಕಡೆ ಮುಖ ಮಾಡಿ, ನನಗೆ ಮಾತ್ರ ಕೇಳುವ ಹಾಗೆ, "ನಾನೇ ಮಾಡಿದ್ ಕಾನೂನು ಕಣ್ ಮಗ. ನಾನೇ ಮರ್ತೆ," ಎಂದರು. ಏನಾದರೂ ಹೇಳಬೇಕೆನಿಸಿತು. ನನಗೂ ಅದು ಎರಡನೆಯ ದಿನದ ಪಾಠವೇ. ಎದುರು ಸೀಟಿನಲ್ಲಿ ಧನ್ಯ, ತೊಡೆಯ ಮೇಲೆ ಬ್ಯಾಟು ಇಟ್ಟುಕೊಂಡು ಅತ್ತೆಯನ್ನೇ ನೋಡುತ್ತಿದ್ದಳು. ಮದ್ದೂರಿನಲ್ಲಿ ಇಳಿದ ಮೇಲೆ ತಾತ ಆಡಿದ್ದು ಒಂದೇ ಮಾತು. "ಬತ್ತೀವಿ." ನಮ್ಮ ಕಡೆ ಮತ್ತೆಂದೂ ಬಾರದವರೂ ಬತ್ತೀವಿ ಎಂದೇ ಹೋಗುವುದರಿಂದ ಅದರಲ್ಲಿ ಏನೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕಣಕ್ಕೆ ಬಂದರು. ಚಿನ್ನದ ಸರವಿದ್ದರೂ ಸೀಟಿಯಿಲ್ಲದ ಕತ್ತು ಬೋಳಾಗಿ ಕಾಣುತ್ತಿತ್ತು. ಅದು ನನ್ನ ಬ್ಯಾಗಿನಲ್ಲೇ ಉಳಿದಿತ್ತು, ಅವರು ಕೇಳಿರಲಿಲ್ಲ. ಇನ್ನು ಮೇಲೆ ಆ ಪದ ಬೇಡ, ಒಂದೇ ಅರ್ಥ ಇರುವ ಪದ ಒಂದು ಹೇಳು ಎಂದರು. ಗಣಿತದವಳಲ್ಲವೇ, ಯೋಚಿಸಿದೆ. ಚಚ್ಚು ಎಂದರೆ ಕೊಲೆಯಾಗುತ್ತದೆ. ಬಾರಿಸು ಎಂದರೆ ತಮಟೆ ನೆನಪಾಗುತ್ತದೆ. ನಮ್ಮ ಮಾತಿನಲ್ಲಿ ಒಂದೇ ಅರ್ಥಕ್ಕೆ ಅಂಟಿಕೊಂಡು ಕೂತ ಪದ ಒಂದೂ ಸಿಗಲಿಲ್ಲ.

ಅಷ್ಟರಲ್ಲಿ ಮೊಪೆಡ್ಡಿನ ಸದ್ದಾಯಿತು. ಹಿಂದೆ ಧನ್ಯ, ಕೈಯಲ್ಲಿ ಬ್ಯಾಟು. ಅವಳು ಇಳಿದು ಯಾರನ್ನೂ ನೋಡದೆ ಸಾಲಿನ ಕೊನೆಗೆ ಹೋಗಿ ನಿಂತಳು. ಅತ್ತೆ ತಾತನ ಕಡೆಗೆ ನಡೆದು, ಗೆಲ್ಲಲಿಲ್ಲವಲ್ಲ ಎಂದರು.

"ಗೆಲ್ನಿಲ್ಲ, ನಿಜ," ಎಂದರು ತಾತ. "ಆದ್ರೆ ಸೋತೋರು ಯಾರು ಮೇಡಮ್ಮೋರೆ? ಬಾಯ್ ತಪ್ಪುದ್ದು ನಿಮ್ದು. ಮಗು ಯೋಳ್ದಂಗ್ ಕೇಳ್ತು. ನೀವ್ ಸೋತದ್ದುಕ್ಕೆ ಮಗೀನ್ ಯಾಕ್ ಟೂಷನ್ಗೆ ಆಕ್ಲಿ? ಬೇಕಾರೆ ನೀವ್ ಓಗಿ." ಹೆಗಲಿಗೆ ಟವಲ್ಲು ಎಸೆದುಕೊಂಡು ಬೇವಿನ ನೆರಳಿಗೆ ಹೋಗಿ ಕೂತರು.

ಅತ್ತೆ ಸಾಲಿನ ಮುಂದೆ ಬಂದು ನಿಂತರು. "ಬಾಗ್ಲು," ಎಂದರು. ಬಾಗಿಲುಗಳು ತೆರೆದವು. "ಬರ್ಲಿ," ಎಂದರು. ಮಕ್ಕಳು ಕಾದರು. ಅತ್ತೆ ಬಾಯಿ ತೆರೆದರು. ಪದ ಬರಲಿಲ್ಲ. ಇನ್ನೊಮ್ಮೆ ತೆರೆದರು. ಇಲ್ಲ. ಹಿಂದಕ್ಕೆ ಹಿಡಿದ ಬ್ಯಾಟುಗಳು ಭಾರಕ್ಕೆ ಜಗ್ಗತೊಡಗಿದವು.

"ಬುಡಿ, ಮಿಸ್."

ಸಾಲಿನ ಕೊನೆಯಿಂದ, ಸ್ವಲ್ಪ ಒರಟಾದ, ನಮಗ್ಯಾರಿಗೂ ಗುರುತಿಲ್ಲದ ಪುಟ್ಟ ದನಿ.

ಮಕ್ಕಳೆಲ್ಲ ಒಟ್ಟಿಗೆ ಬೀಸಿದರು. ಹೆಗಲುಗಳ ಮೇಲೆ ಟವಲ್ಲು ಬಿದ್ದವು. ತಾತ ಕೂತಲ್ಲಿಂದ ಎದ್ದರು. ಅದು 'ಬಾರಿಸು ಅನ್ನಿ ಮಿಸ್' ಎಂದು ನೆನಪಿಸಿದ್ದೋ, 'ನಿನ್ನೆಯದು ಹೋಗಲಿ ಮಿಸ್' ಎಂದದ್ದೋ? ಯಾವುದನ್ನೂ ಸರಿಯಾಗಿ ತಿಳಿಯದೆ ಬಿಡುವವಳಲ್ಲ ನಾನು. ಇದನ್ನು ಮಾತ್ರ ಈವರೆಗೆ ಕೇಳಿಲ್ಲ.

ಅವಳ ಮಾತು ತೊಟ್ಟಿಯ ಬಳಿ ಇದ್ದವನಿಗೂ ಕೇಳಿಸಿತ್ತು. ಅವನು ನೀರು ಬಿಟ್ಟುಬಿಟ್ಟ. ನೀರು ಕಣದ ಮೇಲೆ ಹರಿದು ಬಂದು ನನ್ನ ಲಂಬಕೋನಗಳನ್ನು ಒಂದೊಂದಾಗಿ ಅಳಿಸುತ್ತ ಹೋಯಿತು. ಒಂದು ಹನಿ ಬಿದ್ದರೂ ಊರು ಸೇರಿಸುತ್ತಿದ್ದ ಅತ್ತೆ, ಕ್ಯಾನ್ವಾಸ್ ಶೂ ನೆನೆಯುತ್ತಿದ್ದರೂ ಅಲ್ಲೇ, ನಮಗೆ ಬೆನ್ನು ತಿರುಗಿಸಿ ನಿಂತಿದ್ದರು. ಸೆರಗು ಮತ್ತೆ ಮುಖದ ಹತ್ತಿರವಿತ್ತು.

"ಇನ್ನೊಂದ್ ಸಲ ಯೋಳವ್ವ," ಎಂದರು. "ನಂಗೆ ಕೇಳುಸ್ನಿಲ್ಲ."